ಗೆರೆ ದಾಟದ ಸಹಿ

"ನೋವು, ತುರಿಕೆ, ಜೋಮು, ಏನಾದ್ರೂ ಇದೆಯೇನಪ್ಪ?" ಮುಳುಗುಗಾರರ ದಾಖಲೆ ಪುಸ್ತಕ ಬರೆಯುವ, ಎಲ್ಲರ ಬಾಯಲ್ಲೂ 'ಪುಸ್ತಕದಕ್ಕ'ನಾದವಳು ತಲೆಯೆತ್ತಿ ಕೇಳಿದಳು. ಹಡಗಿನಿಂದ ಹೊರಡುವ ಪ್ರತಿ ಮುಳುಗುಗಾರನನ್ನೂ ಹೀಗೆ ಮುಖ ನೋಡಿಯೇ ಕೇಳಬೇಕೆಂಬುದು ನಿಯಮ.

"ಏನಿಲ್ಲಕ್ಕ, ಗುಂಡುಕಲ್ಲಿನ ಹಾಗಿದೀನಿ." ಅವನು ಎಡಗೈಯಲ್ಲಿದ್ದ ಚೀಲವನ್ನೂ ಇಳಿಸದೆ ಸಹಿ ಗೀಚಿದ. ಮೂರು ತಿಂಗಳಿಂದ ಕಡಲ ತಳದಲ್ಲಿ ಪೈಪು ಬೆಸೆದವನು. ಮಗಳು ಹುಟ್ಟಿ ಇಪ್ಪತ್ತು ದಿನವಾಗಿತ್ತು, ಇನ್ನೂ ಮುಖ ನೋಡಿರಲಿಲ್ಲ. ಇನ್ನರ್ಧ ಗಂಟೆಗೆ ಹೆಲಿಕಾಪ್ಟರ್ ಬರುವುದಿತ್ತು.

ಪುಸ್ತಕ ಮುಚ್ಚಲು ಹೋದವಳು ಹಾಗೇ ನಿಂತಳು. ಇವನ ಸಹಿಯ ಬಾಲ ಎಂದೂ ತನ್ನ ಚೌಕದಲ್ಲಿ ನಿಂತದ್ದಲ್ಲ. ಪಕ್ಕದವನ ಚೌಕಕ್ಕೆ ನುಗ್ಗಿ ಕಾಲು ಚಾಚಿಕೊಂಡಿರುತ್ತಿತ್ತು. "ನಿಮ್ಮಪ್ಪನ ಮನೆ ಜಾಗಾನೇನೋ ಇದು?" ಎಂದು ದಿನವೂ ಬೈದು ಸಾಕಾಗಿತ್ತು ಅವಳಿಗೆ. ಇವತ್ತು ನೋಡಿದರೆ ಸಹಿ ಗೆರೆಯೊಳಗೇ ಮುದುರಿ ಕೂತಿದೆ. ಹಿಂದಿನ ಹಾಳೆಗಳನ್ನು ತಿರುವಿದಳು. ನಿನ್ನೆ ಮಧ್ಯಾಹ್ನ ನಲವತ್ತು ಮೀಟರ್ ಆಳದಿಂದ ಮೇಲೆ ಬಂದಾಗ ಹಾಕಿದ್ದರಲ್ಲೂ ಬಾಲವಿತ್ತು.

"ಬಲಗೈ ಮೇಲೆತ್ತು."

"ಅಕ್ಕ, ಹೊತ್ತಾಯ್ತು..."

"ಎತ್ತು ಅಂದೆ."

ಕೈ ಎದೆಯ ಮಟ್ಟಕ್ಕೂ ಬರಲಿಲ್ಲ, ಅವನ ಮುಖ ಹಿಂಡಿದಂತಾಯಿತು. ರಾತ್ರಿಯಿಂದ ಮೊಣಕೈ ಹೀಗಂತೆ. ಮಗ್ಗುಲು ತಪ್ಪಿ ಮಲಗಿ ಉಳುಕಿರಬೇಕಂತೆ. ಅವಳು ಇಂಥ ಉಳುಕುಗಳನ್ನು ಬೇಕಾದಷ್ಟು ಕಂಡಿದ್ದಳು. ಆಳದಲ್ಲಿ ಮೈಗೆ ಸೇರಿದ ಗಾಳಿ ಗುಳ್ಳೆಯಾಗಿ ಕೀಲಿನಲ್ಲಿ ಕೂತರೆ ಹೀಗೇ ಆಗುತ್ತದೆ. ಹಾಗೇ ಆಕಾಶಕ್ಕೆ ಹಾರಿದರೆ ಗುಳ್ಳೆ ಇನ್ನೂ ಊದುತ್ತದೆ. ಕೈ ಹೋದರೂ ಹೋಯಿತು, ಜೀವ ಹೋದರೂ ಹೋಯಿತು.

ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಮೇಲ್ವಿಚಾರಕ ಗೋಡೆಯ ಹಲಗೆಯತ್ತ ಕಣ್ಣು ಹಾಯಿಸಿದ. 'ಅವಘಡವಿಲ್ಲದ ದಿನಗಳು: ೪೧೨' ಎಂದಿತ್ತು ಅದರಲ್ಲಿ. "ಉಳುಕು ಅಂತಾನೇ ಬರೀರಿ. ಊರಲ್ಲಿ ಡಾಕ್ಟರಿಗೆ ತೋರಿಸ್ಕೋತಾನೆ. ಅದು ಸೊನ್ನೆಗೆ ಬಂದ್ರೆ ನಾನು ಕಂಪನಿಗೆ ಏನು ಹೇಳ್ಲಿ?"

ಅವಳು ಬರೆದಳು: 'ಬಲ ಮೊಣಕೈ ನೋವು, ರಾತ್ರಿಯಿಂದ.' ಸಮಯ ಹಾಕಿದಳು, ಸಹಿ ಮಾಡಿದಳು. ಆ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಪೆನ್ನನ್ನು ಮೇಲ್ವಿಚಾರಕನ ಮುಂದೆ ಹಿಡಿದಳು. "ತಪ್ಪು ಅನ್ಸಿದ್ರೆ ನೀವೇ ಗೆರೆ ಎಳೀರಿ ಸರ್. ಪಕ್ಕದಲ್ಲಿ ನಿಮ್ಮ ಸಹಿ ಹಾಕಿ."

ಅವನು ಪೆನ್ನು ಮುಟ್ಟಲಿಲ್ಲ. ಗೊಣಗಿಕೊಂಡು ಡಾಕ್ಟರಿಗೆ ಫೋನು ಮಾಡಿದ, ಗುಳ್ಳೆ ಕರಗಿಸುವ ಒತ್ತಡದ ಕೊಠಡಿ ಸಿದ್ಧಮಾಡಲು ಹೇಳಿದ.

ಹೆಲಿಕಾಪ್ಟರ್ ಹಾರಿಹೋಯಿತು. ಇನ್ನೊಂದು ಬರುವುದು ವಾರಕ್ಕೆ. ಕೊಠಡಿಯ ದುಂಡು ಬಾಗಿಲ ಮುಂದೆ ನಿಂತ ಮುಳುಗುಗಾರನ ಕಣ್ಣು ಕೆಂಪಾಗಿತ್ತು. ಅದನ್ನು ನೋಡಿಯೂ ಪುಸ್ತಕದಕ್ಕ ಪುಸ್ತಕವನ್ನು ಕಂಕುಳಿಂದ ಇಳಿಸಲಿಲ್ಲ.

"ಒಂದೇ ಒಂದು ಸಾಲು ಅಕ್ಕ. ನೀನದನ್ನ ಬರೀದೇ ಇದ್ದಿದ್ರೆ ನಾಳೆ ಬೆಳಗ್ಗೆ ನನ್ನ ಮಗಳನ್ನ ಎತ್ಕೊಂಡಿರ್ತಿದ್ದೆ."

"ಯಾವ ಕೈಲಿ?" ಎಂದು ಕೇಳಿದಳು ಅವಳು.