ನನ್ನ ಹಿಟ್ಟಿಗೆ ಕೈ ಹಾಕಬೇಡ

"ತೆಗಿಯೇ ಕೈ! ಮತ್ತೆ ನನ್ನ ಹಿಟ್ಟಿಗೆ ಬಂದ್ಯಾ?"

ಮುದುಕಿ ಹನೋರಾ ಸೊಸೆಯ ಮಣಿಕಟ್ಟು ಹಿಡಿದುಬಿಟ್ಟಿದ್ದಳು. ಬಟ್ಟಲಿನ ಮೇಲೆ ಫಿನೋಲಾಳ ಮುಷ್ಟಿ ಬಿಗಿಯಾಗಿತ್ತು.

"ಹುಳ ಇತ್ತು ಅತ್ತೆ. ತೆಗೀತಿದ್ದೆ."

"ದಿನಾ ಹುಳಾನಾ? ನಾನು ಮಜ್ಜಿಗೆ ತರೋಕೆ ಆ ಕಡೆ ತಿರುಗಿದ್ರೆ ಸಾಕು, ನೀನು ಹಾಜರ್. ಇವತ್ತು ನರ್ಸಮ್ಮ ಬರ್ತಾಳೆ ಅಂತ ಗೊತ್ತಿದ್ದೇ ಮಾಡ್ತಿದೀಯ. ನಡಿ ಆಚೆ!"

ಫಿನೋಲಾ ಮುಷ್ಟಿ ಬಿಚ್ಚದೆ ಕೈಯನ್ನು ಏಪ್ರನ್ ಜೇಬಿಗೆ ಇಳಿಸಿದಳು. ಗೋಡೆಗೆ ಒರಗಿ ನಿಂತಳು.

ಹೋದ ತಿಂಗಳು ಹನೋರಾ ಒಲೆಯ ಮೇಲೆ ಕೆಟಲ್ ಇಟ್ಟು ಮರೆತು ಸುಟ್ಟಿದ್ದಳು. ಅದಕ್ಕೇ ಬ್ಯಾಂಟ್ರಿ ಪಟ್ಟಣದಿಂದ ನರ್ಸ್ ಟೂಮಿ ಬರುವವಳಿದ್ದಳು. ಮುದುಕಿ ಯಾರ ನೆರವಿಲ್ಲದೆ ಬ್ರೆಡ್ ಮಾಡಿ ತೋರಿಸಿದರೆ ಮನೆ, ಇಲ್ಲದಿದ್ದರೆ ವೃದ್ಧಾಶ್ರಮ. ಹನೋರಾಗೆ ಭಯವೇನೂ ಇರಲಿಲ್ಲ. ಅರವತ್ತು ವರ್ಷ ಪಳಗಿದ ಕೈ. ನಿನ್ನೆಯ ಬ್ರೆಡ್ಡೂ ಚೆನ್ನಾಗಿ ಉಬ್ಬಿತ್ತು.

ನರ್ಸ್ ಬಂದು ಚಹಾ ಕುಡಿಯುತ್ತ ಕಾಗದ ಬಿಡಿಸಿ ಕುಳಿತಳು. ಹನೋರಾ ಕಂದು ಹಿಟ್ಟಿಗೆ ಉಪ್ಪು ಉದುರಿಸಿ, ನಡುವೆ ಗುಳಿ ಮಾಡಿ ಮಜ್ಜಿಗೆ ಸುರಿದಳು. ಹಗುರವಾಗಿ ಕಲಸಿ ಉಂಡೆ ಮಾಡಿದಳು. ಮೇಲೆ ಆಳವಾಗಿ ಶಿಲುಬೆ ಗೀರಿದಳು.

"ಒಳಗಿನ ಯಕ್ಷಿಣಿಯರು ಆಚೆ ಹೋಗ್ಬೇಕಲ್ಲ! ಇವಳನ್ನೂ ಹಂಗೇ ಕಳಿಸೋ ಹಾಗಿದ್ದಿದ್ರೆ... ಹದಿನೆಂಟು ವರ್ಷ ಆಯ್ತು ನರ್ಸಮ್ಮ, ಬ್ರೆಡ್ ಮಾಡೋಕೂ ಬರಲ್ಲ, ಒಂದು ಮಗು ಹೆರೋಕೂ ಬರಲಿಲ್ಲ. ಬ್ರೆಡ್ ಉಬ್ಬಿಸೋ ಅಡುಗೆ ಸೋಡಾ ಮಾತ್ರ ತನ್ನ ಡಬ್ಬಿಯಿಂದ ದಂಡಿಯಾಗಿ ಸುರೀತಾಳೆ. ನನ್ನ ಡಬ್ಬಿ ನೋಡಿ, ಎರಡು ವರ್ಷದಿಂದ ಮುಗಿದೇ ಇಲ್ಲ!"

ಫಿನೋಲಾಳ ಕೈ ಇನ್ನೂ ಜೇಬಿನಲ್ಲೇ ಇತ್ತು.

ಮುಕ್ಕಾಲು ಗಂಟೆಯ ಮೇಲೆ ಓವನ್ ತೆರೆದಾಗ ಬ್ರೆಡ್ ಇಟ್ಟಾಗ ಇದ್ದಷ್ಟೇ ಎತ್ತರವಿತ್ತು. ಹನೋರಾ ಅದರ ತಳ ತಟ್ಟಿದಳು. ಟೊಳ್ಳು ಸದ್ದು ಬರಬೇಕಿತ್ತು. ಇಟ್ಟಿಗೆ ತಟ್ಟಿದಂತಾಯಿತು.

"ಇವಳೇ! ಇವಳೇ ಏನೋ ಹಾಕಿದಾಳೆ! ದಿನಾ ಹಾಕ್ತಾಳೆ! ನಿನ್ನೆ ತನಕ ಚೆನ್ನಾಗೇ ಉಬ್ತಿತ್ತು!"

"ದಿನಾ ಚೆನ್ನಾಗೇ ಬರ್ತಿತ್ತಲ್ಲಮ್ಮಾ?" ಎನ್ನುತ್ತ ನರ್ಸ್ ಫಿನೋಲಾಳತ್ತ ತಿರುಗಿದಳು. "ನೀವೇನಾದ್ರೂ ಹಾಕಿದ್ರಾ?"

"ದೇವರಾಣೆ, ಇವತ್ತು ನಾನೇನೂ ಹಾಕಿಲ್ಲ."

ನರ್ಸ್ ಮುಖದಲ್ಲಿ ಮರುಕ ಮೂಡಿತು. ಮರೆವಿನ ಜೊತೆ ಇಲ್ಲದ ಅನುಮಾನವೂ ಇದೆ ಎಂದು ಬರೆದುಕೊಂಡು, ವೃದ್ಧಾಶ್ರಮಕ್ಕೆ ಫೋನು ಮಾಡಲು ಅಂಗಳಕ್ಕೆ ಹೋದಳು. ಹನೋರಾ ಆ ಬ್ರೆಡ್ಡನ್ನು ಎದೆಗೆ ಅವುಚಿಕೊಂಡು ಬಿಕ್ಕುತ್ತಿದ್ದಳು.

ಫಿನೋಲಾ ಸಿಂಕಿನ ಬಳಿ ಹೋಗಿ ಜೇಬು ಮಗುಚಿ ಕೊಡವಿದಳು: ಎರಡು ವರ್ಷದಿಂದ ಅತ್ತೆ ದಿನವೂ ಮರೆಯುತ್ತಿದ್ದ, ತಾನು ದಿನವೂ ಕದ್ದು ಬೆರೆಸುತ್ತಿದ್ದ ಒಂದು ಚಮಚ ಸೋಡಾ.