ಕೂರಲಾಗದ ನೋವು

ಹೆರಿಗೆಯಾಗಿ ಎರಡು ತಿಂಗಳಾದರೂ ಕಸ್ತೂರಿಗೆ ನೆಟ್ಟಗೆ ಕೂರಲಾಗುತ್ತಿರಲಿಲ್ಲ. ಶೌಚಕ್ಕೆ ಹೋದರೆ ರಕ್ತ. ಗಂಡನಿಗಿರಲಿ, ಹಡೆದವ್ವನಿಗೆ ಹೇಳಲೂ ನಾಚಿಕೆ. ಕೊನೆಗೆ ತಲೆನೋವೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಹೊರಟಳು. ಹೊರಗೇ ಕೂರು ಎಂದರೂ ಕೇಳದೆ ಜೊತೆಗೆ ಬಂದಿದ್ದ ಅವ್ವ ಕೂಸನ್ನೆತ್ತಿಕೊಂಡು ಡಾಕ್ಟರ ಕೋಣೆಯೊಳಗೆ ಬಂದುಬಿಟ್ಟಳು. ಹೇಳದೆ ವಿಧಿಯಿರಲಿಲ್ಲ.

ಡಾಕ್ಟರು ಪರದೆಯ ಹಿಂದೆ ಪರೀಕ್ಷಿಸಿ ಬಂದರು.

"ಮೂಲವ್ಯಾಧಿ. ಹಡೆದ ಮ್ಯಾಲೆ ಭಾಳ ಮಂದಿಗೆ ಆಗ್ತದ. ಕಾಯಿಪಲ್ಲೆ ತಿನ್ನು, ನೀರು ಜಾಸ್ತಿ ಕುಡಿ, ತಿಣುಕಬ್ಯಾಡ. ಬೆಚ್ಚನ ನೀರಾಗ ಕುಂಡ್ರು, ಮುಲಾಮು ಹಚ್ಚು. ಕಡಿಮಿ ಆಗ್ತದ. ಮನಿಯಾಗ ಬ್ಯಾರೆ ಯಾರಿಗರೆ ಅದ ಏನು?"

ಕಸ್ತೂರಿ ನೆಲ ನೋಡಿದಳು. "ಇಲ್ರೀ ಡಾಕ್ಟರ್ ಬಾಯಾರ. ನಮ್ಮ ಮನಿತನದಾಗ ಇಂಥಾದ್ದು ಯಾರಿಗೂ ಇಲ್ಲ."

ಅವ್ವ ಕೂಸಿನ ಕುಲಾವಿಯನ್ನು ಸರಿಪಡಿಸುತ್ತ ನಿಂತಿದ್ದಳು. ತಲೆಯೆತ್ತದೆಯೇ ಹೇಳಿದಳು:

"ನನಗೈತ್ರೀ. ಇಕಿ ಹುಟ್ಟಿದಾಗಿಂದ."