ಉಸ್ತಾದ್ ಹೋಶಿಮ್ ತಟ್ಟಿ ನೋಡಿದ್ದು

ಉಸ್ತಾದ್ ಹೋಶಿಮ್ ಕೊಟ್ಟ ಗುದ್ದು ಎಲ್ಮುರೊದನ ಮೂಗಿನ ಮೇಲೇ ಬಿತ್ತು. ನಮಂಗಾನ್ ಊರಿನ ಅವರ ಬಾಕ್ಸಿಂಗ್ ಗರಡಿಯಲ್ಲಿ ಹಗ್ಗ ಜಿಗಿಯುತ್ತಿದ್ದವರೆಲ್ಲ ನಿಂತುಬಿಟ್ಟರು. ಆನೆಯಂಥ ಆ ಹುಡುಗನ ಮೂಗಿಗೆ ಇದುವರೆಗೆ ನೆಗಡಿ ಬಿಟ್ಟು ಬೇರೇನೂ ತಾಗಿರಲಿಲ್ಲ. ಅವನ ಎದುರಾಳಿಗಳು ಎಷ್ಟು ಬೇಗ ಮಲಗುತ್ತಿದ್ದರು ಅಂದರೆ, ಎದ್ದು ಹೋಗಿ ನೋಡಿದರೆ ಅವರು ಬಿಟ್ಟುಬಂದ ಚಹಾ ಇನ್ನೂ ಬಿಸಿಯಾಗೇ ಇರುತ್ತಿತ್ತು.

ತಾಷ್ಕೆಂಟಿನಿಂದ ಬಂದಿದ್ದ ತುಲ್ಕಿನ್, ಪಂದ್ಯ ಏರ್ಪಡಿಸುವವ, ಬೆಂಚಿನ ಮೇಲಿಂದ ಬಗ್ಗಿ ನೋಡಿದ. "ಹಣ್ಣೋ ಕಾಯೋ ಹೇಳಿ ಉಸ್ತಾದ್. ಹಣ್ಣಾದ್ರೆ ವಸಂತಕ್ಕೇ ದೊಡ್ಡ ಪಂದ್ಯ ಕೊಡಿಸ್ತೀನಿ. ಕಾಯಾದ್ರೆ ನನ್ನ ದಾರಿ ನಂಗೆ." ಖರಬೂಜವನ್ನಾಗಲಿ ಬಾಕ್ಸರನ್ನಾಗಲಿ ಒಂದೇ ಸಲ ತಟ್ಟಿ ಹೇಳಿಬಿಡುತ್ತಾರೆ ಅನ್ನೋದು ಹೋಶಿಮರ ಖ್ಯಾತಿ. ಅದನ್ನು ಊರಿಗೆಲ್ಲ ಹಬ್ಬಿಸಿದವರೂ ಅವರೇ.

ಎಲ್ಮುರೊದನ ಮೂಗಿಂದ ರಕ್ತ ತೊಟ್ಟಿಕ್ಕಿತು. ಹೋಶಿಮ್ ಮೆಲ್ಲಗೆ ಬಾಗಿಲ ಕಡೆ ಸರಿದರು. ಹುಡುಗ ಮಾತ್ರ ತಲೆ ತಗ್ಗಿಸಿ ತನ್ನ ಕಾಲುಗಳನ್ನೇ ನೋಡುತ್ತ ನಿಂತ. "ಉಸ್ತಾದ್, ಇದು ಎಲ್ಲಿಂದ ಬಂತು? ನನ್ನ ಎಡಗಾಲು ತಪ್ಪಿತ್ತಾ? ಇನ್ನೊಂದ್ಸಲ ಹೊಡೀರಿ, ನಿಧಾನಕ್ಕೆ."

"ಹೆದರ್ಕೊಂಡ," ಅಂದ ತುಲ್ಕಿನ್.

ಹೋಶಿಮರ ಗುದ್ದು ತಿಂದವರು ಬೈದಿದ್ದರು, ಅತ್ತಿದ್ದರು, ಒಬ್ಬನಂತೂ ತನ್ನ ಸೋದರಮಾವನನ್ನೇ ಕರೆತಂದಿದ್ದ. ಗುದ್ದು ಬಂದ ದಾರಿ ಕೇಳಿದವರು ಯಾರೂ ಇರಲಿಲ್ಲ. "ವಸಂತಕ್ಕೆ ಬೇಡಪ್ಪ, ಕಾಲಿನ್ನೂ ಕಲೀಬೇಕು," ಅಂದರು ಹೋಶಿಮ್.

"ಹಾಗಾದ್ರೆ ಕಾಯಿ."

"ಗೊತ್ತಾಗ್ಲಿಲ್ಲ ಕಣೋ," ಅನ್ನುತ್ತ ಹೋಶಿಮ್, ಜೀವಮಾನದಲ್ಲೇ ಮೊದಲ ಸಲ, ಅದೇ ಹಣ್ಣನ್ನು ಮತ್ತೆ ತಟ್ಟಿ ನೋಡಲು ಹುಡುಗನ ಕಡೆ ಕೈ ಎತ್ತಿದರು.